ನಾಲ್ಕು ರ‍್ಯಾಮ್ ಸ್ಟಿಕ್ ಹಾಕಿದ ಮೇಲೆ ಮಧ್ಯಾಹ್ನದ ಹೊತ್ತು ಕೈಕೊಡುವ ಕಂಪ್ಯೂಟರ್: ದೋಷ ಯಾವುದರಲ್ಲಿದೆ?

ಬಿಸಿಲೂರಿನವ
ಏಪ್ರಿಲ್ 12, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯವನು. ಮದುವೆ, ಜಾತ್ರೆಗಳ ವಿಡಿಯೊ ಎಡಿಟಿಂಗ್ ನನ್ನ ಕಸುಬು. ಅದಕ್ಕಾಗಿ ಕಳೆದ ವರ್ಷದ ಜನವರಿಯಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗಗಳನ್ನು ತಂದು ನಾನೇ ಒಂದು ಕಂಪ್ಯೂಟರ್ ಜೋಡಿಸಿಕೊಂಡಿದ್ದೇನೆ. ರೈಜನ್ 7 7700 ಪ್ರೊಸೆಸರ್, ಬಿ650 ಚಿಪ್‌ಸೆಟ್‌ನ ನಾಲ್ಕು ಸ್ಲಾಟ್‌ಗಳ ಮದರ್‌ಬೋರ್ಡ್, 750 ವಾಟ್‌ನ ಎಸ್‌ಎಂಪಿಎಸ್ ಹಾಗೂ 16 ಜಿಬಿಯ ಎರಡು ಡಿಡಿಆರ್5 ಸ್ಟಿಕ್‌ಗಳು ಅದರಲ್ಲಿವೆ. ರ‍್ಯಾಮ್‌ನ ಪೆಟ್ಟಿಗೆಯ ಮೇಲೆ 6000 (ವೇಗ), ಸಿಎಲ್30 (ಕೇಳಿದ ಮಾಹಿತಿ ಬರಲು ಹಿಡಿಯುವ ಕ್ಲಾಕ್‌ಗಳ ಎಣಿಕೆ), 1.35 ವೋಲ್ಟ್ ಎಂದು ನಮೂದಿಸಿತ್ತು. ಬಯಾಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್‌ಗಳಲ್ಲಿ), ರ‍್ಯಾಮನ್ನು ಆ ವೇಗಕ್ಕೆ ಹೊಂದಿಸುವ ಎಕ್ಸ್‌ಪೊ ಆಯ್ಕೆಯನ್ನು ಆನ್ ಮಾಡಿದೆ. ಮುಂದಿನ ಹದಿಮೂರು ತಿಂಗಳು ಯಂತ್ರ ಒಮ್ಮೆಯೂ ನಿಂತಿರಲಿಲ್ಲ.

ಈ ಫೆಬ್ರುವರಿಯಲ್ಲಿ 4ಕೆ ವಿಡಿಯೊ ಕೆಲಸ ಹೆಚ್ಚಾಗಿ 32 ಜಿಬಿ ಸಾಲದಾಯಿತು. ಅದೇ ಕಂಪನಿಯ, ಅದೇ ಮಾಡೆಲ್ ಸಂಖ್ಯೆಯ ಇನ್ನೊಂದು ಜೋಡಿಯನ್ನು ತರಿಸಿ ಖಾಲಿ ಇದ್ದ ಎರಡು ಸ್ಲಾಟ್‌ಗಳಿಗೆ ಹಾಕಿದೆ. ಮೊದಲ ಸಲ ಸ್ವಿಚ್ ಒತ್ತಿದಾಗ ಆರೇಳು ನಿಮಿಷ ಪರದೆಯ ಮೇಲೆ ಏನೂ ಬರಲಿಲ್ಲ. ಸುಟ್ಟೇ ಹೋಯಿತೆಂದುಕೊಳ್ಳುವಷ್ಟರಲ್ಲಿ ಚಾಲೂ ಆಯಿತು. ಅಂದಿನಿಂದ ವಾರಕ್ಕೆ ಎರಡು ಮೂರು ಸಲ ಬ್ಲೂ ಸ್ಕ್ರೀನ್ ಬರುತ್ತಿದೆ, ಮಾರ್ಚ್ ಕಳೆದ ಮೇಲಂತೂ ದಿನಕ್ಕೊಮ್ಮೆ. ಬಹುತೇಕ ಮೆಮೊರಿ ಮ್ಯಾನೇಜ್‌ಮೆಂಟ್ ಎಂದು ತೋರಿಸುತ್ತದೆ, ಕೆಲವೊಮ್ಮೆ ಬೇರೆ ಹೆಸರು. ಬ್ರೌಸರ್‌ನ ಟ್ಯಾಬ್‌ಗಳು ತಾವಾಗಿ ಕುಸಿಯುತ್ತವೆ. ಎಲ್ಲಕ್ಕಿಂತ ವಿಚಿತ್ರವೆಂದರೆ, ಜಿಪ್ ಫೈಲ್ ಒಂದನ್ನು ಬಿಚ್ಚಲು ಹೋದರೆ ಸಿಆರ್‌ಸಿ (ಫೈಲ್ ಕೆಟ್ಟಿಲ್ಲವೆಂದು ಪರಿಶೀಲಿಸುವ ಅಂಕಿ) ತಪ್ಪಿದೆ ಎಂದು ನಿಲ್ಲುತ್ತದೆ, ಅದೇ ಫೈಲ್ ಎರಡನೆಯ ಸಲ ಸರಿಯಾಗಿ ಬಿಚ್ಚಿಕೊಳ್ಳುತ್ತದೆ.

ವಿಂಡೋಸ್ ಹೊಸದಾಗಿ ಹಾಕಿದ್ದಾಯಿತು. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86ರ ಉಚಿತ ಆವೃತ್ತಿಯಲ್ಲಿ ರಾತ್ರಿಯಿಡೀ ನಾಲ್ಕು ಸುತ್ತು ಓಡಿಸಿದೆ, ಒಂದೂ ದೋಷ ಕಾಣಲಿಲ್ಲ. ಇಲ್ಲಿನ ಅಂಗಡಿಯವರು ಸ್ಟಿಕ್‌ಗಳ ಕಾಲುಗಳನ್ನು ಎರೇಸರ್‌ನಿಂದ ಉಜ್ಜಿ ಕೊಟ್ಟರು, ಎರಡು ದಿನ ಸುಮ್ಮನಿದ್ದು ಮತ್ತೆ ಶುರುವಾಯಿತು. ಈಗ ಮದರ್‌ಬೋರ್ಡ್ ಬದಲಿಸಿ ಎನ್ನುತ್ತಿದ್ದಾರೆ. ನಾನು ಗಮನಿಸಿದ ಮಟ್ಟಿಗೆ ಬಹುತೇಕ ತೊಂದರೆಗಳು ಮಧ್ಯಾಹ್ನ ಎರಡರಿಂದ ಐದರ ನಡುವೆ ಬರುತ್ತವೆ. ಆ ಹೊತ್ತಿಗೆ ನನ್ನ ಕೋಣೆಯಲ್ಲಿ 38 ಡಿಗ್ರಿ ಇರುತ್ತದೆ, ಏರ್ ಕಂಡೀಷನರ್ ಇಲ್ಲ.

ಹೊಸ ಜೋಡಿಯನ್ನು ಹಿಂದಿರುಗಿಸಬೇಕೆ, ಬೋರ್ಡ್ ಬದಲಿಸಬೇಕೆ ಎಂಬುದು ತಿಳಿಯುತ್ತಿಲ್ಲ. ಒಂದು ವಿಡಿಯೊದಲ್ಲಿ, ಪ್ರೊಸೆಸರ್‌ನೊಳಗಿನ ಮೆಮೊರಿ ನಿಯಂತ್ರಕದ ಭಾಗಕ್ಕೆ ಹೋಗುವ ಎಸ್‌ಒಸಿ ವೋಲ್ಟೇಜನ್ನು 1.35ಕ್ಕೆ ಏರಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದರು. ಏರಿಸಬಹುದೆ?

ಹಳೇಬೋರ್ಡು
ಏಪ್ರಿಲ್ 12, ರಾತ್ರಿ 11.05

ಮೊದಲು ಆ ಎರೇಸರನ್ನು ದೂರವಿಡಿ. ರ‍್ಯಾಮ್‌ನ 288 ಸಂಪರ್ಕಬಿಂದುಗಳ ಮೇಲಿರುವುದು ಬಹಳ ತೆಳುವಾದ ಚಿನ್ನದ ಲೇಪ. ಉಜ್ಜಿದರೆ ಅದೂ ಹೋಗುತ್ತದೆ, ರಬ್ಬರಿನ ಪುಡಿ ಸ್ಲಾಟ್‌ನೊಳಗೆ ಸೇರುತ್ತದೆ. ಕೊಳೆ ಇದೆಯೆಂದು ನಿಜವಾಗಿಯೂ ಅನಿಸಿದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಸೋಕಿಸಿದ ಬಟ್ಟೆಯಿಂದ ಒರೆಸಿದರೆ ಸಾಕು. ಉಜ್ಜಿದ ಮೇಲೆ ಎರಡು ದಿನ ಸರಿಯಾಗಿದ್ದುದಕ್ಕೆ ಕಾರಣ ಬೇರೆ ಇರಬಹುದು: ಸ್ಟಿಕ್‌ಗಳನ್ನು ತೆಗೆದು ಹಾಕಿದಾಗ ಬೋರ್ಡ್ ಮೆಮೊರಿಯನ್ನು ಹೊಸದಾಗಿ ಅಳೆದು ಹೊಂದಿಸಿಕೊಳ್ಳುತ್ತದೆ. ನೀವು ಆರೇಳು ನಿಮಿಷ ಕಪ್ಪು ಪರದೆ ನೋಡಿದಿರಲ್ಲ, ಅದು ಮೆಮೊರಿ ಟ್ರೈನಿಂಗ್. ನಿಮ್ಮದರಂಥ ಎಎಂ5 ಸಾಕೆಟ್‌ನ ಬೋರ್ಡ್‌ಗಳಲ್ಲಿ ಮೊದಲ ಸಲ ಅಷ್ಟು ಹೊತ್ತು ಹಿಡಿಯುವುದು ಸಹಜ.

ಇನ್ನು ಮುಖ್ಯ ವಿಷಯ. 7000 ಸರಣಿಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ ಎಎಂಡಿ ಪ್ರಕಟಿಸಿರುವ ಮೆಮೊರಿ ವೇಗ ಎರಡು ಸ್ಟಿಕ್‌ಗಳಿದ್ದರೆ 5200, ನಾಲ್ಕಿದ್ದರೆ 3600. ನೀವು ನಾಲ್ಕನ್ನು 6000ದಲ್ಲಿ ಓಡಿಸುತ್ತಿದ್ದೀರಿ. ಎಕ್ಸ್‌ಪೊ ಆಗಲಿ, ಇಂಟೆಲ್ ಕಡೆಯ ಎಕ್ಸ್‌ಎಂಪಿ ಆಗಲಿ, ಹೆಸರು ಎಷ್ಟೇ ಸಭ್ಯವಾಗಿರಲಿ, ಅದು ಓವರ್‌ಕ್ಲಾಕಿಂಗೇ, ಎಂದರೆ ನಿಗದಿತ ವೇಗ ಮೀರಿ ಓಡಿಸುವುದೇ. ಡಿಡಿಆರ್5ರ ಮಾನಕ ವೋಲ್ಟೇಜ್ 1.1, ನಿಮ್ಮ ಪೆಟ್ಟಿಗೆಯ ಮೇಲೆ 1.35 ಎಂದು ಬರೆದಿರುವುದೇ ಅದಕ್ಕೆ ಸಾಕ್ಷಿ. ಆ 6000 ಎಂಬ ಅಂಕಿ ಒಂದು ಪೆಟ್ಟಿಗೆಯೊಳಗಿನ ಆ ಎರಡು ಸ್ಟಿಕ್‌ಗಳಿಗೆ ಸಂಬಂಧಿಸಿದ್ದು, ಎರಡು ಪೆಟ್ಟಿಗೆಗಳನ್ನು ಕೂಡಿಸಿದ ನಾಲ್ಕಕ್ಕೆ ಯಾರೂ ಆ ಮಾತು ಕೊಟ್ಟಿಲ್ಲ. ಮಾಡೆಲ್ ಸಂಖ್ಯೆ ಒಂದೇ ಆಗಿದ್ದರೂ ಒಳಗಿನ ಚಿಪ್‌ಗಳು ಒಂದೇ ಎಂಬ ಖಾತ್ರಿಯಿಲ್ಲ. ಚಿಪ್ ತಯಾರಿಸುವವರು ಎಸ್‌ಕೆ ಹೈನಿಕ್ಸ್, ಸ್ಯಾಮ್‌ಸಂಗ್, ಮೈಕ್ರಾನ್ ಮೊದಲಾದ ಕೆಲವರೇ. ಸ್ಟಿಕ್ ಮಾರುವವರು ಒಂದು ವರ್ಷ ಒಬ್ಬರದು, ಮರುವರ್ಷ ಇನ್ನೊಬ್ಬರದು ಬಳಸುವುದುಂಟು. ಸಿಪಿಯು-ಝಡ್ ತಂತ್ರಾಂಶದ ಎಸ್‌ಪಿಡಿ ಪುಟದಲ್ಲಿ ನಾಲ್ಕೂ ಸ್ಲಾಟ್‌ಗಳನ್ನು ಒಂದೊಂದಾಗಿ ನೋಡಿ, ಚಿಪ್ ತಯಾರಕರ ಹೆಸರು ಅಲ್ಲಿ ಕಾಣುತ್ತದೆ.

ನಾಲ್ಕು ಹಾಕಿದರೆ ಏಕೆ ಕಷ್ಟವೆಂದರೆ, ಪ್ರೊಸೆಸರ್‌ನಿಂದ ಹೊರಟ ತಂತಿಗಳು ಒಂದು ಸ್ಲಾಟನ್ನು ಮುಟ್ಟಿ ಮುಂದಿನ ಸ್ಲಾಟಿಗೆ ಹೋಗುತ್ತವೆ. ಕೊನೆಯ ಸ್ಲಾಟಿನಲ್ಲಿ ಮಾತ್ರ ಸ್ಟಿಕ್ ಇದ್ದರೆ ಸಂಕೇತ ನೇರವಾಗಿ ತಲುಪುತ್ತದೆ. ಎರಡು ಸ್ಟಿಕ್‌ಗಳಿಗಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ, ನಾಲ್ಕನೆಯ ಸ್ಲಾಟ್‌ಗಳನ್ನೇ ಬಳಸಿ ಎಂದು ಕೈಪಿಡಿಯಲ್ಲಿ ಹೇಳುವುದು ಇದಕ್ಕೇ. ನಡುವಿನ ಸ್ಲಾಟೂ ತುಂಬಿದಾಗ ಅಲ್ಲಿಂದಲೂ ಸಂಕೇತ ಪ್ರತಿಫಲಿಸಿ ಹಿಂದಿರುಗುತ್ತದೆ. ನಿಮಗೆ ವಿಜಯಪುರದ ಗೋಳಗುಮ್ಮಟ ದೂರವಲ್ಲ. ಅಲ್ಲಿ ಹಿಂದಿನ ಮಾತಿನ ಮಾರ್ದನಿ ಅಡಗುವ ಮೊದಲೇ ಮುಂದಿನ ಮಾತು ಆಡಿದರೆ ಎರಡೂ ಕಲಸಿಹೋಗುತ್ತವಲ್ಲ, ಅದೇ ಇಲ್ಲಿಯೂ ಆಗುವುದು. 6000ದ ವೇಗದಲ್ಲಿ ಒಂದು ಬಿಟ್‌ಗೆ ಸಿಗುವ ಕಾಲ ಸುಮಾರು 167 ಪಿಕೊಸೆಕೆಂಡ್. ಮಾರ್ದನಿ ಅಡಗಲು ಪುರಸೊತ್ತೇ ಇಲ್ಲ.

ಬೋರ್ಡಿಗೆ ಹಣ ಸುರಿಯುವ ಮೊದಲು ಹಳೆಯ ಜೋಡಿಯೊಂದನ್ನೇ ಹಾಕಿ ಒಂದು ದಿನ, ಹೊಸ ಜೋಡಿಯೊಂದನ್ನೇ ಅದೇ ಸ್ಲಾಟ್‌ಗಳಿಗೆ ಹಾಕಿ ಒಂದು ದಿನ ಪರೀಕ್ಷಿಸಿ. ಎರಡೂ ಪಾಸಾಗುತ್ತವೆ ಎಂಬುದು ನನ್ನ ಊಹೆ.

ಮಲೆನಾಡ ಸರ್ಕ್ಯೂಟ್
ಏಪ್ರಿಲ್ 13, ಬೆಳಿಗ್ಗೆ 7.20

ಹಳೇಬೋರ್ಡು ಅವರು ಹೇಳಿದ್ದೆಲ್ಲ ಸರಿ, ಆದರೆ ಅದರಿಂದ ಮಧ್ಯಾಹ್ನದ ಒಗಟು ಬಿಡಿಸಿದಂತಾಗಲಿಲ್ಲ. ಸಂಕೇತದ ತೊಂದರೆಯೊಂದೇ ಆಗಿದ್ದರೆ ಅದು ಬೆಳಿಗ್ಗೆಯೂ ಆಗಾಗ ತಲೆ ಹಾಕಬೇಕಿತ್ತು. ನನಗೆ ಕಾವಿನ ಮೇಲೆ ಅನುಮಾನ.

ರ‍್ಯಾಮ್‌ನ ಒಂದೊಂದು ಬಿಟ್ ಎಂದರೆ ಒಂದೊಂದು ಪುಟ್ಟ ಕೆಪಾಸಿಟರ್‌ನಲ್ಲಿ ಹಿಡಿದಿಟ್ಟ ವಿದ್ಯುದಂಶ. ತೂತಿನ ಕೊಡದ ನೀರಿನಂತೆ ಅದು ಸೋರುತ್ತಲೇ ಇರುತ್ತದೆ. ಆದ್ದರಿಂದ ಮತ್ತೆ ಮತ್ತೆ ತುಂಬಬೇಕು, ಇದನ್ನೇ ರಿಫ್ರೆಶ್ ಎನ್ನುತ್ತಾರೆ. ಕಾವು ಏರಿದಷ್ಟೂ ಸೋರಿಕೆ ಹೆಚ್ಚು. ಡಿಡಿಆರ್5ರಲ್ಲಿ ಎರಡು ರಿಫ್ರೆಶ್‌ಗಳ ನಡುವಿನ ಸರಾಸರಿ ಅಂತರ 3.9 ಮೈಕ್ರೊಸೆಕೆಂಡ್ ಇರಬೇಕು, 85 ಡಿಗ್ರಿ ದಾಟಿದರೆ ಅದರ ಅರ್ಧಕ್ಕೆ ಇಳಿಯಬೇಕು ಎಂಬುದು ಮಾನಕ. ಬಯಾಸ್‌ನಲ್ಲಿ ಈ ಅಂತರಕ್ಕೆ ಟಿರೆಫ್ಐ ಎಂದು ಹೆಸರು. ಕೆಲವು ವಿಡಿಯೊಗಳನ್ನು ನೋಡಿ ಜನ ಇದನ್ನು ಗರಿಷ್ಠಕ್ಕೆ ಏರಿಸಿಡುತ್ತಾರೆ. ರಿಫ್ರೆಶ್ ಕಡಿಮೆಯಾದಷ್ಟೂ ಕೆಲಸಕ್ಕೆ ಹೆಚ್ಚು ಸಮಯ ಸಿಗುತ್ತದೆ, ವೇಗದ ಪರೀಕ್ಷೆಗಳಲ್ಲಿ ಅಂಕಗಳು ತುಸು ಮೇಲೇರುತ್ತವೆ. ಆದರೆ ಅಂಥ ರ‍್ಯಾಮ್ 85 ಡಿಗ್ರಿಗಿಂತ ಬಹಳ ಮೊದಲೇ ಮರೆವಿಗೆ ಬೀಳುತ್ತದೆ. ನೀವು ಎಂದಾದರೂ ಕೈಯಾರೆ ಟೈಮಿಂಗ್‌ಗಳನ್ನು ಬದಲಿಸಿದ್ದೀರಾ? ಝೆನ್‌ಟೈಮಿಂಗ್ಸ್ ಎಂಬ ಚಿಕ್ಕ ತಂತ್ರಾಂಶದಲ್ಲಿ ಟಿರೆಫ್ಐ ಎಷ್ಟಿದೆ ನೋಡಿ ತಿಳಿಸಿ. 6000ದ ವೇಗದಲ್ಲಿ ಸಾಮಾನ್ಯವಾಗಿ ಅದು 11,700 ಕ್ಲಾಕ್‌ಗಳ ಆಸುಪಾಸಿನಲ್ಲಿರಬೇಕು.

ನಾಲ್ಕು ಸ್ಟಿಕ್‌ಗಳು ಅಕ್ಕಪಕ್ಕ ನಿಂತರೆ ನಡುವೆ ಗಾಳಿ ಆಡಲು ಜಾಗವಿರುವುದಿಲ್ಲ. ಡಿಡಿಆರ್4 ಕಾಲದಲ್ಲಿ ಬೋರ್ಡಿನ ಮೇಲಿದ್ದ ವೋಲ್ಟೇಜ್ ನಿಯಂತ್ರಕ ಡಿಡಿಆರ್5ರಲ್ಲಿ ಸ್ಟಿಕ್‌ನ ಮೇಲೆಯೇ ಬಂದು ಕೂತಿದೆ, ಅದರ ಕಾವೂ ಸೇರುತ್ತದೆ. ವಿಡಿಯೊ ರೆಂಡರ್ ಆಗುವಾಗ ಕೆಳಗಿನಿಂದ ಗ್ರಾಫಿಕ್ಸ್ ಕಾರ್ಡಿನ ಬಿಸಿಗಾಳಿ ಬೇರೆ. ಮೆಮ್‌ಟೆಸ್ಟ್86 ಓಡುವಾಗ ಗ್ರಾಫಿಕ್ಸ್ ಕಾರ್ಡ್ ತಣ್ಣಗೆ ಮಲಗಿರುತ್ತದೆ, ಅದೂ ನೀವು ಓಡಿಸಿದ್ದು ರಾತ್ರಿ, ಪಾಸಾಗದೆ ಇನ್ನೇನು? ಮಧ್ಯಾಹ್ನ ಮೂರು ಗಂಟೆಗೆ, ವಿಂಡೋಸ್‌ನಲ್ಲಿಯೇ, ಟೆಸ್ಟ್‌ಮೆಮ್5 ಅಥವಾ ವೈ-ಕ್ರಂಚರ್ ಎಂಬ ಪರೀಕ್ಷಾ ತಂತ್ರಾಂಶ ಓಡಿಸಿ, ಜೊತೆಗೆ ಗ್ರಾಫಿಕ್ಸ್ ಕಾರ್ಡಿಗೂ ಕೆಲಸ ಕೊಡಿ. ಪ್ರತಿ ಸ್ಟಿಕ್‌ನಲ್ಲೂ ಉಷ್ಣತೆಯ ಸೆನ್ಸರ್ ಇರುತ್ತದೆ, ಎಚ್‌ಡಬ್ಲ್ಯೂಇನ್ಫೊದಲ್ಲಿ ಅಂಕಿ ಕಾಣುತ್ತದೆ, ಬರೆದಿಟ್ಟುಕೊಳ್ಳಿ.

ಇನ್ನೊಂದು ವಿಷಯ. ಬಯಾಸ್‌ನಲ್ಲಿ ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್ ಎಂಬ ಆಯ್ಕೆ ಇದ್ದರೆ ಪರೀಕ್ಷೆ ಮುಗಿಯುವವರೆಗೆ ಆಫ್ ಮಾಡಿ. ಅದು ಆನ್ ಇದ್ದಾಗ ಯಂತ್ರ ಹಿಂದೆಂದೋ ಮಾಡಿದ ಟ್ರೈನಿಂಗ್‌ನ ಲೆಕ್ಕವನ್ನೇ ಮತ್ತೆ ಬಳಸುತ್ತದೆ. ಆಫ್ ಮಾಡಿದರೆ ಪ್ರತಿ ಸಲವೂ ಚಾಲೂ ಆಗಲು ತಡವಾಗುತ್ತದೆ, ತಾಳಿಕೊಳ್ಳಿ.

ಎಸ್‌ಒಸಿ ವೋಲ್ಟೇಜನ್ನು 1.35ಕ್ಕೆ ಖಂಡಿತ ಏರಿಸಬೇಡಿ. 2023ರ ಏಪ್ರಿಲ್‌ನಲ್ಲಿ ಕೆಲವು ರೈಜನ್ 7000 ಪ್ರೊಸೆಸರ್‌ಗಳು ಸಾಕೆಟ್‌ನಲ್ಲೇ ಸುಟ್ಟ ಸುದ್ದಿ ಬಂದ ಮೇಲೆ ಎಎಂಡಿ ಆ ವೋಲ್ಟೇಜಿಗೆ 1.30ರ ಮಿತಿ ಹಾಕಿತು, ಬೋರ್ಡ್ ಕಂಪನಿಗಳು ಅದರಂತೆ ಹೊಸ ಬಯಾಸ್ ಕೊಟ್ಟವು. 1.35 ಸ್ವೀಕರಿಸುವ ಬಯಾಸ್ ನಿಮ್ಮಲ್ಲಿದೆ ಎಂದಾದರೆ ಅದನ್ನು ಮೊದಲು ನವೀಕರಿಸಬೇಕು. ನಿಮ್ಮ ಸ್ಟಿಕ್‌ಗಳ 1.35 ವೋಲ್ಟ್ ಬೇರೆ, ಪ್ರೊಸೆಸರ್‌ನ ಎಸ್‌ಒಸಿ ವೋಲ್ಟೇಜ್ ಬೇರೆ. ಅಂಕಿ ಒಂದೇ ಆಗಿರುವುದರಿಂದ ಹಲವರು ಇಲ್ಲಿ ಎಡವುತ್ತಾರೆ.

ಅಚ್ಚುಮೊಳೆ
ಏಪ್ರಿಲ್ 13, ಬೆಳಿಗ್ಗೆ 10.15

ನಾನು ಹಾರ್ಡ್‌ವೇರ್ ಬಲ್ಲವನಲ್ಲ, ಪುಸ್ತಕಗಳ ಡಿಟಿಪಿ ಮಾಡುವವನು. ಆದರೂ ಒಂದು ಮಾತು ಹೇಳಲೇಬೇಕು: ಪರೀಕ್ಷೆ ಮುಗಿಯುವವರೆಗೆ ಆ ಯಂತ್ರದಲ್ಲಿ ಬ್ಯಾಕಪ್ ತೆಗೆಯಬೇಡಿ, ಫೈಲ್‌ಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಬೇಡಿ. ಬ್ಲೂ ಸ್ಕ್ರೀನ್ ಬಂದರೆ ಕಣ್ಣಿಗೆ ಕಾಣುತ್ತದೆ. ಕಾಣದೆ ಆಗುವ ಹಾನಿಯೇ ಹೆಚ್ಚು.

ಯೂನಿಕೋಡ್‌ನಲ್ಲಿ ಕ ಅಕ್ಷರದ ಸಂಕೇತಕ್ಕೂ ಗ ಅಕ್ಷರದ ಸಂಕೇತಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಬಿಟ್. ಮೆಮೊರಿಯಲ್ಲಿ ಅದೊಂದು ಮಗುಚಿ ಬಿದ್ದರೆ ‘ಕಲ್ಲು’ ಎಂದು ನೀವು ಟೈಪಿಸಿದ್ದು ‘ಗಲ್ಲು’ ಎಂದು ಸೇವ್ ಆಗುತ್ತದೆ. ಯಾವ ಎಚ್ಚರಿಕೆಯೂ ಬರುವುದಿಲ್ಲ, ಕಾಗುಣಿತ ಪರೀಕ್ಷಕವೂ ಒಪ್ಪಿಕೊಳ್ಳುತ್ತದೆ. ಡಿಡಿಆರ್5ರಲ್ಲಿ ದೋಷ ತಿದ್ದುವ ವ್ಯವಸ್ಥೆ ಇದೆಯಂತಲ್ಲ, ಅದಿದ್ದೂ ಹೀಗಾಗುವುದೇ?

ಮಲೆನಾಡ ಸರ್ಕ್ಯೂಟ್
ಏಪ್ರಿಲ್ 13, ಬೆಳಿಗ್ಗೆ 11.00

ಇದೆ, ಆದರೆ ಅದು ಚಿಪ್‌ನ ಗೋಡೆಯೊಳಗಿನ ವ್ಯವಸ್ಥೆ. ಚಿಪ್‌ನೊಳಗೆ ಒಂದು ಬಿಟ್ ಕೆಟ್ಟರೆ ತಿದ್ದಿ ಕೊಡುತ್ತದೆ. ಒಂದಕ್ಕಿಂತ ಹೆಚ್ಚು ಬಿಟ್ ಒಟ್ಟಿಗೆ ಕೆಟ್ಟರೆ ತಿದ್ದಲಾರದು, ಚಿಪ್‌ನಿಂದ ಪ್ರೊಸೆಸರ್‌ಗೆ ಹೋಗುವ ದಾರಿಯಲ್ಲಿ ಕೆಟ್ಟದ್ದಂತೂ ಅದರ ಲೆಕ್ಕಕ್ಕೇ ಬರುವುದಿಲ್ಲ. ಸರ್ವರ್‌ಗಳಲ್ಲಿ ಬಳಸುವ ಇಸಿಸಿ ಮೆಮೊರಿಗೆ ಹೆಚ್ಚುವರಿ ಚಿಪ್‌ಗಳೇ ಇರುತ್ತವೆ, ಇಲ್ಲಿ ಅವಿಲ್ಲ. ಫೈಲ್‌ಗಳ ಬಗ್ಗೆ ನೀವು ಕೊಟ್ಟ ಎಚ್ಚರಿಕೆಯನ್ನು ನಾನೇ ಮೊದಲು ಹೇಳಬೇಕಿತ್ತು.

ಬಿಸಿಲೂರಿನವ
ಏಪ್ರಿಲ್ 18, ರಾತ್ರಿ 8.30

ಎಲ್ಲರಿಗೂ ಕೃತಜ್ಞತೆಗಳು. ಐದು ದಿನ ಕೆಲಸ ಬದಿಗಿಟ್ಟು ಪರೀಕ್ಷೆಗಳನ್ನೇ ಮಾಡಿದೆ, ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸುತ್ತಾ.

ಮೊದಲಿಗೆ ತಪ್ಪೊಪ್ಪಿಗೆ. ಝೆನ್‌ಟೈಮಿಂಗ್ಸ್ ತೆರೆದು ನೋಡಿದರೆ ಟಿರೆಫ್ಐ 65,535! ಕಳೆದ ಆಗಸ್ಟ್‌ನಲ್ಲಿ, ಮಳೆ ಹಿಡಿದು ಕೋಣೆ ತಂಪಾಗಿದ್ದಾಗ, ಯಾವುದೋ ವಿಡಿಯೊ ನೋಡಿ ನಾನೇ ಬದಲಿಸಿ ಮರೆತಿದ್ದೆ. ಲೆಕ್ಕ ಹಾಕಿದೆ: 3.9 ಮೈಕ್ರೊಸೆಕೆಂಡ್ ಇರಬೇಕಾದ ಅಂತರ 21.8 ಆಗಿತ್ತು. ಮೊದಲ ಬೇಸಿಗೆ ತೊಂದರೆಯಿಲ್ಲದೆ ಕಳೆದದ್ದು ಏಕೆಂದು ಈಗ ಅರ್ಥವಾಯಿತು, ಆಗ ಅದು ಆಟೊದಲ್ಲಿತ್ತು.

ಅದನ್ನು ಹಾಗೆಯೇ ಬಿಟ್ಟು, ಹಳೆಯ ಜೋಡಿಯೊಂದನ್ನೇ ಎರಡು ಮತ್ತು ನಾಲ್ಕನೆಯ ಸ್ಲಾಟ್‌ಗಳಿಗೆ ಹಾಕಿ ಮಧ್ಯಾಹ್ನ ಮೂರಕ್ಕೆ ಟೆಸ್ಟ್‌ಮೆಮ್5 ಓಡಿಸಿದೆ, ಪಕ್ಕದಲ್ಲಿ ಒಂದು ರೆಂಡರ್ ಹಚ್ಚಿದೆ. ಐವತ್ತನೆಯ ನಿಮಿಷಕ್ಕೆ ಮೊದಲ ದೋಷ, ಸ್ಟಿಕ್ ಆಗ 63 ಡಿಗ್ರಿ ತೋರಿಸುತ್ತಿತ್ತು. ನಾನು ಹದಿಮೂರು ತಿಂಗಳು ನಂಬಿದ್ದ ಜೋಡಿಯೇ ತಪ್ಪಿತು. ಟಿರೆಫ್ಐ ಆಟೊಗೆ ತಂದು ಮರುದಿನ ಅದೇ ಹೊತ್ತಿಗೆ, ಅದೇ ರೆಂಡರ್‌ನೊಂದಿಗೆ ನಾಲ್ಕು ಗಂಟೆ ಓಡಿಸಿದಾಗ ದೋಷ ಸೊನ್ನೆ. ಹೊಸ ಜೋಡಿಯೂ ಒಂಟಿಯಾಗಿ 6000ದಲ್ಲಿ ಸೊನ್ನೆ.

ಮಲೆನಾಡ ಸರ್ಕ್ಯೂಟ್ ಅವರೇ ಗೆದ್ದರು ಎಂದುಕೊಂಡು ನಾಲ್ಕನ್ನೂ ಹಾಕಿದೆ, ಆಟೊದಲ್ಲಿಯೇ. ಹದಿನೆಂಟು ನಿಮಿಷಕ್ಕೆ ದೋಷ ಬಂತು. ರಾತ್ರಿ ಕಿಟಕಿ ತೆರೆದು ಓಡಿಸಿದರೂ ಎರಡು ಗಂಟೆಯೊಳಗೆ ಬಂತು. ಹಾಗಾಗಿ ಹಳೇಬೋರ್ಡು ಅವರ ಮಾತೂ ನಿಜ. ಸಿಪಿಯು-ಝಡ್‌ನಲ್ಲಿ ನೋಡಿದರೆ ಹಳೆಯ ಜೋಡಿಯಲ್ಲಿ ಒಂದು ತಯಾರಕರ ಹೆಸರು, ಹೊಸದರಲ್ಲಿ ಇನ್ನೊಂದು; ಹೊರಗಿನ ಲೇಬಲ್‌ನಲ್ಲಿ ಕೂದಲೆಳೆಯ ವ್ಯತ್ಯಾಸವೂ ಇಲ್ಲ. 5600ಕ್ಕೆ ಇಳಿಸಿದಾಗ ಮೂರು ಗಂಟೆ ತಡೆದು ಒಂದು ದೋಷ ತೋರಿಸಿತು. ಮಧ್ಯದ ಎರಡು ಸ್ಟಿಕ್‌ಗಳು 71 ಡಿಗ್ರಿ ಮುಟ್ಟಿದ್ದವು. ಕ್ಯಾಬಿನೆಟ್‌ನ ಮುಂಭಾಗದಲ್ಲಿ ಒಂದೇ ಫ್ಯಾನ್ ಇತ್ತು, ಇನ್ನೊಂದನ್ನು ಹಾಕಿದ ಮೇಲೆ 64ಕ್ಕೆ ಇಳಿಯಿತು. 5200ಕ್ಕೆ ಇಳಿಸಿ, ನಿನ್ನೆ ಬೆಳಿಗ್ಗೆ ಹನ್ನೊಂದರಿಂದ ಸಂಜೆ ಏಳರವರೆಗೆ ಎಂಟು ಗಂಟೆ ಓಡಿಸಿದ್ದೇನೆ. ಒಂದೂ ದೋಷವಿಲ್ಲ.

ಈಗ ಪ್ರಶ್ನೆ: 5200ರಲ್ಲಿಯೇ ಇರಬಹುದೆ, ಅಥವಾ ದುಡ್ಡು ಕೊಟ್ಟ ವೇಗವನ್ನು ಸುಮ್ಮನೆ ಕೈಬಿಟ್ಟಂತಾಗುತ್ತದೆಯೆ?

ಹಳೇಬೋರ್ಡು
ಏಪ್ರಿಲ್ 18, ರಾತ್ರಿ 10.10

ಧಾರಾಳವಾಗಿ ಇರಬಹುದು. ನಾಲ್ಕು ಸ್ಟಿಕ್‌ಗಳನ್ನು 5200ರಲ್ಲಿ ಓಡಿಸುವುದೂ ಪ್ರಕಟಿತ 3600ಕ್ಕಿಂತ ಮೇಲೆಯೇ ಇದೆ, ಆದ್ದರಿಂದ ನಿಮಗೆ ನಷ್ಟವಾಗಿದೆ ಎಂದು ನಾನು ಹೇಳಲಾರೆ. ಕಾಗದದ ಮೇಲಿನ ಲೆಕ್ಕದಲ್ಲಿ 6000ಕ್ಕೆ ಸೆಕೆಂಡಿಗೆ 96 ಗಿಗಾಬೈಟ್, 5200ಕ್ಕೆ 83.2. ಆಟ ಆಡುವವರು ಇಷ್ಟು ವ್ಯತ್ಯಾಸಕ್ಕೂ ಮುಖ ಸಿಂಡರಿಸುತ್ತಾರೆ. ನಿಮ್ಮ ಕೆಲಸದಲ್ಲಿ 32 ಜಿಬಿ ತುಂಬಿ ಎಸ್‌ಎಸ್‌ಡಿಯ ಮೇಲೆ ಉಸಿರಾಡುವ ಸ್ಥಿತಿಗಿಂತ 64 ಜಿಬಿ ನಿಧಾನವಾಗಿ ಓಡುವುದೇ ಲಾಭ. ಸಿಎಲ್ ಎಷ್ಟಿಟ್ಟಿದ್ದೀರಿ? 6000ದಲ್ಲಿ ಸಿಎಲ್30 ಎಂದರೆ 10 ನ್ಯಾನೊಸೆಕೆಂಡ್. 5200ರಲ್ಲಿಯೂ 30 ನಿಂತರೆ 11.5, ಬೋರ್ಡ್ ತಾನಾಗಿ 40 ಹಾಕಿದ್ದರೆ 15.4. ಎಕ್ಸ್‌ಪೊ ಆನ್ ಇಟ್ಟು ವೇಗದ ಅಂಕಿಯನ್ನಷ್ಟೇ ಇಳಿಸಿದ್ದರೆ ಸಾಮಾನ್ಯವಾಗಿ 30 ಉಳಿದಿರುತ್ತದೆ.

6000 ಬೇಕೇ ಬೇಕು ಎಂದಾದರೆ ನಾಲ್ಕನ್ನೂ ಮಾರಿ, 32 ಜಿಬಿಯ ಎರಡು ಸ್ಟಿಕ್‌ಗಳಿರುವ ಒಂದೇ ಕಿಟ್ ಕೊಳ್ಳಿ. ಮೊದಲ ಸಲವೇ ಯಾರಾದರೂ ನಿಮಗೆ ಇದನ್ನು ಹೇಳಬೇಕಿತ್ತು. ಕೊಳ್ಳುವ ಮೊದಲು ಬೋರ್ಡ್ ತಯಾರಕರ ಜಾಲತಾಣದಲ್ಲಿರುವ ಮೆಮೊರಿ ಪಟ್ಟಿಯಲ್ಲಿ ಆ ಮಾಡೆಲ್ ಸಂಖ್ಯೆಯನ್ನು ಹುಡುಕಿ, ಎಷ್ಟು ಸ್ಲಾಟ್‌ಗಳಿಗೆ ಎಂಬ ಕಾಲಂ ಅನ್ನೂ ಓದಿ. ಬಹಳ ಜನ ಆ ಕಾಲಂ ನೋಡುವುದಿಲ್ಲ.

ಬಿಸಿಲೂರಿನವ
ಏಪ್ರಿಲ್ 21, ಮಧ್ಯಾಹ್ನ 3.50

ಸಿಎಲ್ 30ರಲ್ಲಿಯೇ ಇದೆ. ಸದ್ಯ ಮದುವೆ ಸೀಸನ್ ಮುಗಿಯುವವರೆಗೆ 5200ರಲ್ಲಿ ನಡೆಸುತ್ತೇನೆ. ಬಯಾಸ್ ನವೀಕರಿಸಿದ್ದೇನೆ, ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್ ಆಫ್ ಇದೆ. ಬೆಳಿಗ್ಗೆ ಸ್ವಿಚ್ ಹಾಕಿ ಚಹಾ ಮುಗಿಸುವಷ್ಟರಲ್ಲಿ ಪರದೆ ಬರುತ್ತದೆ. ಅಂಗಡಿಯವರಿಗೆ ಬೋರ್ಡ್ ಬೇಡವೆಂದು ಹೇಳಿಯಾಯಿತು. ಇದನ್ನು ಬರೆಯುತ್ತಿರುವ ಈ ಹೊತ್ತಿಗೆ ಕೋಣೆ 39 ಡಿಗ್ರಿ, ಸ್ಟಿಕ್‌ಗಳು 62, ರೆಂಡರ್ ನಡೆಯುತ್ತಿದೆ.

ಅಚ್ಚುಮೊಳೆಯವರ ಮಾತು ತಲೆಯಲ್ಲಿ ಕೊರೆಯುತ್ತಿದ್ದುದರಿಂದ ಫೆಬ್ರುವರಿಯಿಂದೀಚೆಗೆ ಹಾರ್ಡ್ ಡಿಸ್ಕಿಗೆ ಇಳಿಸಿದ 212 ವಿಡಿಯೊ ಫೈಲ್‌ಗಳ ಹ್ಯಾಶನ್ನು (ಫೈಲಿನ ಬೆರಳಚ್ಚಿನಂಥ ಅಂಕಿ) ಅಣ್ಣನ ಲ್ಯಾಪ್‌ಟಾಪ್‌ನಲ್ಲಿ ಕ್ಯಾಮೆರಾ ಕಾರ್ಡುಗಳ ಜೊತೆ, ಕಾರ್ಡು ಖಾಲಿಯಾಗಿದ್ದ ಕಡೆ ಇಳಿಸುವ ದಿನ ಬರೆದಿಟ್ಟುಕೊಂಡಿದ್ದ ಹ್ಯಾಶ್ ಪಟ್ಟಿಯ ಜೊತೆ ಹೋಲಿಸಿದೆ. ಮೂರು ಹೊಂದಲಿಲ್ಲ. ಎರಡನ್ನು ಕಾರ್ಡಿನಿಂದ ಮತ್ತೆ ಇಳಿಸಿಕೊಂಡೆ. ಮೂರನೆಯದು ಮಾರ್ಚ್‌ನ ಒಂದು ಆರತಕ್ಷತೆಯದು, ಹನ್ನೊಂದನೆಯ ನಿಮಿಷದಲ್ಲಿ ಪರದೆಯ ಅಡ್ಡಕ್ಕೆ ಒಂದು ಹಸಿರು ಪಟ್ಟಿ ಬಂದು ಹೋಗುತ್ತದೆ. ಅದರ ಕಾರ್ಡನ್ನು ನಾನು ಆಗಲೇ ಫಾರ್ಮ್ಯಾಟ್ ಮಾಡಿ ಬೇರೊಂದು ಮದುವೆಗೆ ಬಳಸಿಬಿಟ್ಟಿದ್ದೇನೆ.